ಸ್ನಾನದ ನಂತರ ಕಣ್ಣು ಮಂಜು

ಪ್ರಶ್ನೆ: ತಂಗಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ಬಿಸಿನೀರು ಸ್ನಾನ ಮಾಡಿ ಬಂದರೆ ಕಣ್ಣು ಮಂಜಾಗಿ, ಕಾಲು ಸೋಲುತ್ತವೆ. ಕಾಯಿಲೆ ಹೆಚ್ಚಾಯಿತೇ?

ಉತ್ತರ: ಅಷ್ಟಕ್ಕೇ ಗಾಬರಿ ಬೇಡ. ಈ ಕಾಯಿಲೆಯಲ್ಲಿ ನರಗಳ ಮೇಲಿನ ಮಯಲಿನ್ ಎಂಬ ಹೊದಿಕೆ ಹಾಳಾಗುತ್ತದೆ; ಹಾಗೆ ಹಾಳಾದ ಕಡೆ, ಮೈಬಿಸಿ ಅರ್ಧ ಡಿಗ್ರಿ ಏರಿದರೂ ನರದ ಸಂದೇಶಕ್ಕೆ ತಡೆಯಾಗಬಹುದು. ಮೈ ದಣಿದಾಗ ಕಣ್ಣು ಹೀಗೆ ಮಂಜಾಗುವುದನ್ನು 1890ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ಊಥಾಫ್ ವಿವರಿಸಿದ್ದರು. ಮೈ ತಣಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಹಂಡೆಯ ಸುಡುನೀರು ಬಿಡಿ, ಉಗುರುಬೆಚ್ಚಗಿರಲಿ. ಜೋಮು ಹಿಡಿದ ಪಾದಕ್ಕೆ ಬಿಸಿ ತಿಳಿಯುವುದೇ ಇಲ್ಲ; ಬೊಬ್ಬೆ ಎದ್ದ ಮೇಲೆ ಕಣ್ಣಿಗೆ ಬೀಳುತ್ತದೆ. ಬಕೆಟ್‌ಗೆ ಮೊಣಕೈ ಅದ್ದಿ ನೋಡಲಿ; ಕೈಗೂ ಸ್ಪರ್ಶ ಕಮ್ಮಿಯಿದ್ದರೆ ದಯವಿಟ್ಟು ನೀವೇ ನೋಡಿ. ರಬ್ಬರ್ ಬುಡದ ಸ್ಟೂಲ್ ಮೇಲೆ ಕುಳಿತೇ ಸ್ನಾನವಾಗಲಿ, ಚಿಲಕ ಹಾಕುವುದು ಬೇಡ.

ತೊಂದರೆ 24 ಗಂಟೆ ದಾಟಿದರೆ, ಇಲ್ಲವೇ ಜ್ವರ, ಉರಿಮೂತ್ರ ಜೊತೆಗಿದ್ದರೆ, ನರರೋಗ ತಜ್ಞರಿಗೆ ತಿಳಿಸಿ. ಮೂತ್ರದ ಸೋಂಕೂ ಇವೇ ಲಕ್ಷಣಗಳನ್ನು ಕೆರಳಿಸುತ್ತದೆ.