ಓದುಗರ ಪ್ರಶ್ನೆ: ಪೊಬೋರ್ಸ್ಕಿ ಒಂದ್ ಗೋಲಿನ ಹೀರೋನಾ?

ಪ್ರಶ್ನೆ: ಬಳ್ಳಾರಿ ಜಿಲ್ಲೆ ಸಂಡೂರಿಂದ ಬರಿಯಾಕತ್ತೀನ್ರಿ. ನನ್ ಮಗ ಫುಟ್‌ಬಾಲ್‌ನಾಗ ರೈಟ್ ವಿಂಗ್ (ಬಲಗಡೆ ಅಂಚಿನಾಗ) ಆಡ್ತಾನ, ಸಂಜಿಗೆ ಮೈಯೆಲ್ಲಾ ಮೈನ್ಸಿನ ಕೆಂಪು ಧೂಳು ಮಾಡ್ಕೊಂಡು ಮನಿಗೆ ಬರ್ತಾನ. ಜೆಕ್ ದೇಶದ ಕರೆಲ್ ಪೊಬೋರ್ಸ್ಕಿ ಕೀಪರ್ ತಲಿ ಮ್ಯಾಲಿಂದ ಚೆಂಡು ಎತ್ತಿ ಹಾಕಿದ ವಿಡಿಯೋ ನೋಡ್ದಾಗಿಂದ ಅದೊಂದೇ ಪ್ರಾಕ್ಟೀಸು. ಕೋಚ್ ಮಾತ್ರ ಅವಾ ಒಂದ್ ಗೋಲಿನ ಹೀರೋ, ಮ್ಯಾಂಚೆಸ್ಟರ್‌ನಾಗ ಫೇಲ್ ಆದಾವ, ದೇಶಕ್ಕ 118 ಮ್ಯಾಚ್ ಆಡಿ 8 ಗೋಲು ಅಂತಾರ. ಖರೇನ್ರಿ?

ಉತ್ತರ: 118ಕ್ಕ 8 ಅನ್ನೋದು ಖರೇ ಐತ್ರಿ, ಉಳಿದದ್ದಕ್ಕ ನಂದು ತಕರಾರೈತಿ.

ನಿಮ್ ಹುಡುಗ ನೋಡಿದ್ದು 1996ರ ಯೂರೋ (ಯುರೋಪ್ ದೇಶಗಳ ಕಪ್) ಕ್ವಾರ್ಟರ್ ಫೈನಲ್, ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್‌ನಾಗ ಪೋರ್ಚುಗಲ್ ವಿರುದ್ಧ ಆಡಿದ್ದು. ಡಿಫೆಂಡರ್‌ಗಳ ನಡುವ ನುಗ್ಗಿದ, ಚೆಂಡು ಬಡಿದು ಪುಟಿದು ಮತ್ತ ಇವನ ಮುಂದೇ ಬಿತ್ತು (ನಸೀಬೂ ಬೇಕಲ್ರೀ), ಕೀಪರ್ ವಿತೋರ್ ಬಾಯಿಯಾ ಮುಂದ ಬಂದಿದ್ದು ಕಂಡ ಕೂಡ್ಲೇ ಬೂಟಿನ ತುದಿ ಚೆಂಡಿನ ಬುಡಕ್ಕ ಹಾಕಿ ಎತ್ತೇಬಿಟ್ಟ. 1-0. ಫೈನಲ್‌ನಾಗ ಜರ್ಮನಿ ಮ್ಯಾಲೆ ಪೆನಾಲ್ಟಿ ಸಿಕ್ಕಿದ್ದೂ ಇವನನ್ನ ಕೆಡವಿದ್ದಕ್ಕೇ, ಅದನ್ನ ಇವನ ಟೀಮಿನ ಬರ್ಗರ್ ಗೋಲು ಹೊಡೆದ, ಆದ್ರೂ ಜರ್ಮನಿಯ ಬಿಯರ್‌ಹಾಫ್‌ನ ಗೋಲ್ಡನ್ ಗೋಲಿಗೆ (ಎಕ್ಸ್‌ಟ್ರಾ ಟೈಮ್‌ನಾಗ ಮೊದ್ಲು ಗೋಲು ಹೊಡೆದಾವ್ರೇ ಗೆದ್ದಂಗ) ಸೋತ್ರು.

ಅದೇ ವರ್ಷ ಸ್ಲಾವಿಯಾ ಪ್ರಾಗ್‌ನಿಂದ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದ. ಅಲ್ಲಿ ರೈಟ್ ಸೈಡಿನಾಗ ಯಾರು ಬೆಳ್ಯಾಕತ್ತಿದ್ರು ಹೇಳ್ರಿ? ಬೆಕ್ಹಮ್! ಅಂಥಾವನ ಎದುರು ಜಾಗ ಸಿಗ್ಲಿಲ್ಲ ಅಂದ್ರ ಫೇಲ್ ಅಂತೀರೇನು? 1998ಕ್ಕ ಪೋರ್ಚುಗಲ್‌ನ ಬೆನ್ಫಿಕಾ ಕ್ಲಬ್, ಆಮ್ಯಾಲೆ ಇಟಲಿಯ ರೋಮ್ ಊರಿನ ಲಾಝಿಯೋ.

ಲಾಝಿಯೋ ಕಥಿ ಭಾಳ ಮಜಾ ಐತಿ. 2002ರ ಮೇ 5, ಇಟಲಿ ಲೀಗಿನ ಕೊನೇ ದಿನ, ಲಾಝಿಯೋಗೆ ಇಂಟರ್ ಮಿಲಾನ್ ಜೋಡಿ ಮ್ಯಾಚು, ಗೆದ್ರ ಇಂಟರ್ ಚಾಂಪಿಯನ್. ಲಾಝಿಯೋ ಫ್ಯಾನ್ಸೇ ನಮ್ ಟೀಮ್ ಸೋಲ್ಲಿ ಅಂತ ಕೂಗಾಕತ್ತಿದ್ರು, ಯಾಕಂದ್ರ ಇಂಟರ್ ಸೋತ್ರ ತಮ್ಮ ಊರಿನ ದುಷ್ಮನ್ ರೋಮಾಗೆ ಚಾನ್ಸ್ ಇತ್ತು. ಇಂಟರ್ ಎರಡು ಸಲ ಮುಂದ ಹೋತು, ಎರಡು ಸಲಾನೂ ಸಮ ಮಾಡ್ದಾವ ನಮ್ ಪೊಬೋರ್ಸ್ಕಿ, ಕೊನೀಗೆ ಲಾಝಿಯೋ 4-2. ಲೀಗ್ ಕಪ್ ಇನ್ನೊಂದು ಟೀಮು ಯುವೆಂಟಸ್ ಪಾಲಾತು. ಒಂದ್ ಗೋಲಿನ ಹೀರೋ ಅಂತ ಇಂಟರ್ ಫ್ಯಾನ್ಸ್ ಮುಂದ ಹೇಳಿ ನೋಡ್ರಿ!

8 ಗೋಲಿನ ಮ್ಯಾಲೆ ಅವನ್ನ ಅಳೆಯೋದೇ ತಪ್ಪು, ವಿಂಗರ್ ಕೆಲ್ಸ ಚೆಂಡು ತಂದು ಕೊಡೋದು. 2004ರ ಯೂರೋದಾಗ ನೆದರ್‌ಲ್ಯಾಂಡ್ಸ್ ಮ್ಯಾಲೆ 0-2 ಇಂದ 3-2 ಗೆದ್ದ ಮ್ಯಾಚ್ ತೋರ್ಸ್ರಿ ಹುಡುಗ್ಗ, ಕೊನೇ ಗೋಲಿಗೆ ಇವಾ ತಾನು ಹೊಡೀಲಿಲ್ಲ, ಪಕ್ಕದಾಗಿದ್ದ ಶ್ಮಿತ್ಸರ್‌ಗೆ ಕೊಟ್ಟ. 2006ರ ವರ್ಲ್ಡ್ ಕಪ್ ಆದಮ್ಯಾಲೆ ದೇಶದ ಆಟ ಬಿಟ್ಟ, ಶುರು ಮಾಡಿದ ಚೆಸ್ಕೆ ಬುದೆಯೋವಿತ್ಸೆ ಕ್ಲಬ್ಬಿನಾಗೇ 2007ಕ್ಕ ಮುಗಿಸ್ದ.

ಆ ಶಾಟ್ ಪ್ರಾಕ್ಟೀಸ್ ಬಿಡಿಸ್ಬ್ಯಾಡ್ರಿ. ಕೀಪರ್ ಗೋಲ್ ಬಿಟ್ಟು ಮುಂದ ಬಂದಾಗಷ್ಟೇ ಅದು ನಡೀತೈತಿ, ದಿನಾ ಮೊದ್ಲು ಓಡ್ಕೋತ ಕ್ರಾಸ್ ಹಾಕೋದು (ಅಂಚಿನಿಂದ ಗೋಲಿನ ಮುಂದ ಚೆಂಡು ಕಳಿಸೋದು) ಮುಗಿಸ್ಲಿ.