ಬೋರಮಾಳಕ್ಕೆ ಎರಡು ಪುಟ, ಬಿಲ್ಲಿಗೆ ಒಂದು ಸಾಲು

ಪ್ರಶ್ನೆ: ನನಗೆ 27 ವರ್ಷ. ಹುಬ್ಬಳ್ಳಿಯ ಒಂದು ಕಬ್ಬಿಣ, ಸಿಮೆಂಟ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮದು ಬೆಟಗೇರಿಯ ಹಳೇ ಮಿಷನ್ ಮನೆತನ. ಅಮ್ಮ ಈಗಲೂ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿಗೇ ಹೋಗುತ್ತಾರೆ. ನಾನು ಎರಡು ವರ್ಷದ ಹಿಂದೆ ಬೇರೊಂದು ಕ್ರೈಸ್ತ ಸಭೆಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡೆ. ಅವತ್ತಿನಿಂದ ಒಡವೆ ಬಿಟ್ಟೆ, ಸಿನಿಮಾ ಬಿಟ್ಟೆ. ಮುಂದಿನ ತಿಂಗಳು ತಂಗಿಯ ಮದುವೆ. ಅಜ್ಜಿಯ ಬೋರಮಾಳ (ಚಿನ್ನದ ಗುಂಡಿನ ಸರ) ಹಾಕಿಕೊಳ್ಳಲೇಬೇಕು ಅಂತ ಅಮ್ಮನ ಹಟ. ಹಿಂದಿನ ರಾತ್ರಿ ಡಿಜೆ ಬೇರೆ ಇದೆ. ಹೋದರೆ ನನ್ನ ಸಾಕ್ಷಿ, ಅಂದರೆ ನಂಬಿಕೆಯನ್ನು ಬದುಕಿ ತೋರಿಸುವುದು, ಕೆಡುತ್ತದೆ ಅನ್ನುತ್ತಾರೆ ಸಭೆಯ ಅಕ್ಕಂದಿರು. ಹೋಗದಿದ್ದರೆ ಅಮ್ಮ ಮಾತು ಬಿಡುತ್ತಾರೆ. ಕೆಲಸದ ಜಾಗದಲ್ಲೂ ಮಾಲು ಹೋಗದ ಬಿಲ್ ಹಾಕಿಸುತ್ತಾರೆ, ಅದೊಂದು ಬೇಸರ. ಲೋಕದ ಮಾದರಿ ಬಿಟ್ಟು ಪರಿಶುದ್ಧವಾಗಿ ಬದುಕುವುದು ಹೇಗೆ?
ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ತಂಗೀ, ಮೇಲೆ ಅಚ್ಚಾಗಿರುವುದು ನಿಮ್ಮ ಕಾಗದದ ಸಾರಾಂಶ. ಮೂಲ ಕಾಗದ ಎರಡು ಪುಟಕ್ಕೂ ಜಾಸ್ತಿ ಇತ್ತು. ಅದರಲ್ಲಿ ಬೋರಮಾಳ ಇತ್ತು, ಡಿಜೆ ಇತ್ತು, ಅಮ್ಮನ ಕಣ್ಣೀರು, ಅಕ್ಕಂದಿರ ಮಾತು, ಎಲ್ಲ ಇತ್ತು. ಬಿಲ್ಲಿನ ವಿಷಯ ಮಾತ್ರ ಒಂದೇ ಸಾಲು. ಅದಕ್ಕೇ ನಾನು ಒಂದು ಪ್ರಶ್ನೆ ವಾಪಸ್ ಕೇಳಿದೆ: ಮಾಲು ಹೋಗದ ಬಿಲ್ ಅಂದರೆ ಏನಮ್ಮ? ನೀವು ಅದೇ ರಾತ್ರಿ ಉತ್ತರ ಬರೆದಿರಿ. ‘ಒಂದು ಸಲ ಒಂಬತ್ತು ಟನ್ ಸಲಾಕೆ ಕಳಿಸಿದ ಹಾಗೆ, ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ ಮಾಡಿದೆ ಸರ್. ಗಾಡಿ ನಂಬರು ಧಣಿಯ ಮಗನ ಸ್ಕೂಟರಿನದು.’

ಓದಿ ನಕ್ಕುಬಿಟ್ಟೆ. ಆಮೇಲೆ ನಗು ಬರಲಿಲ್ಲ. ಕಿವಿಯ ಓಲೆ ಬಿಚ್ಚಿಟ್ಟ ಹುಡುಗಿಯ ಕೈಯಿಂದಲೇ ಸ್ಕೂಟರಿನ ಮೇಲೆ ಒಂಬತ್ತು ಟನ್ ಕಬ್ಬಿಣ ಹೋಗಿದೆ, ಅಲ್ವಾ?

ಕೋಪ ಮಾಡಿಕೊಳ್ಳಬೇಡಿ. ನಾನೇನು ಸಾಚಾ ಅಲ್ಲ. ಮೊದಲ ಕೆಲಸದಲ್ಲಿ ನಾನೂ ಒಂದು ಸುಳ್ಳು ವೋಚರಿಗೆ ಸಹಿ ಹಾಕಿದ್ದೆ. ಮೇಲಿನವರು ಹೇಳಿದರು, ಹಾಕಿದೆ. ಟೀ, ತಿಂಡಿಯ ಲೆಕ್ಕ, 340 ರೂಪಾಯಿ. ಆ ವಾರ ಚರ್ಚಿನಲ್ಲಿ ಎಲ್ಲರೂ ಎದ್ದು ಹೋಗಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಪ್ರಭುಭೋಜನದ ಹೊತ್ತಿಗೆ ಶೂ ಲೇಸ್ ಕಟ್ಟುವ ನೆಪದಲ್ಲಿ ಬೆಂಚಿನಲ್ಲೇ ಕೂತುಬಿಟ್ಟೆ. ಮುಂದಿನ ವಾರ ಎದ್ದು ಹೋದೆ. ಅಷ್ಟು ಬೇಗ ರೂಢಿಯಾಗುತ್ತದೆ. ಹೊರಗೆ ಕಾಣುವ ಒಡವೆಯಂಥದ್ದನ್ನು ತೊರೆದರೆ ನಾಲ್ಕು ಜನಕ್ಕೆ ಗೊತ್ತಾಗುತ್ತದೆ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಒಂದು ಎಂಟ್ರಿ ಹಾಕಲ್ಲ ಅಂದರೆ ಸಭೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಸಂಬಳಕ್ಕೆ ಮಾತ್ರ ಕುತ್ತು. ಹಾಗಾಗಿ ಮನಸ್ಸು ಸುಮ್ನೆ ಒಡವೆ ಕಡೆಗೇ ಜಾರುತ್ತದೆ.

ನಿಮ್ಮ ಸಭೆಯಲ್ಲಿ ‘ನಾನು ಪರಿಶುದ್ಧನಾಗಿರುವುದರಿಂದ ನೀವೂ ಪರಿಶುದ್ಧರಾಗಿರಬೇಕು’ ಅನ್ನುವ ಮಾತನ್ನು ಎಷ್ಟೋ ಸಲ ಕೇಳಿರುತ್ತೀರಿ. ಯೇಸುವಿನ ಶಿಷ್ಯ ಪೇತ್ರ ತನ್ನ ಪತ್ರದಲ್ಲಿ ಅದನ್ನು ಎತ್ತಿಕೊಂಡದ್ದು ಬೈಬಲಿನ ಯಾಜಕಕಾಂಡದಿಂದ. ಇವತ್ತು ರಾತ್ರಿ 19ನೇ ಅಧ್ಯಾಯ ತೆಗೆದು ಓದಿ. 2ನೇ ವಚನದಲ್ಲಿ ಪರಿಶುದ್ಧರಾಗಿರಿ ಅನ್ನುವ ಅಪ್ಪಣೆ. ಅದರ ಬೆನ್ನಿಗೇ, 3ನೇ ವಚನದಲ್ಲಿ, ಮೊದಲು ಬರುವವಳು ತಾಯಿ. ಆಮೇಲೆ ತಂದೆ. ಮುಂದೆ ಹೋದರೆ ಹೊಲದ ಅಂಚಿನ ಪೈರನ್ನು ಬಡವರಿಗೆ ಬಿಡಬೇಕು ಅಂತಿದೆ. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬಾರದು ಅಂತಿದೆ. 35, 36ನೇ ವಚನಗಳಲ್ಲಿ ತಕ್ಕಡಿ, ತೂಕದ ಕಲ್ಲು, ಅಳತೆ ಎಲ್ಲ ನ್ಯಾಯವಾಗಿರಬೇಕು ಅಂತಿದೆ. ಅದು ನೇರವಾಗಿ ನಿಮ್ಮ ಟೇಬಲ್ಲಿಗೆ ಬಂದ ಮಾತು. ಅಧ್ಯಾಯದ ಎರಡು ತುದಿಯಲ್ಲಿ ಒಂದು ಕಡೆ ನಿಮ್ಮ ಅಮ್ಮ, ಇನ್ನೊಂದು ಕಡೆ ನಿಮ್ಮ ಬಿಲ್ ಪುಸ್ತಕ. (ಅದೇ ಅಧ್ಯಾಯದಲ್ಲಿ ಎರಡು ಬಗೆಯ ನೂಲಿನ ಬಟ್ಟೆ ಹಾಕಬೇಡಿ ಅಂತಲೂ ಇದೆ. ಪಾಲಿಸ್ಟರ್ ಬೆರೆತ ಸೀರೆ ಉಟ್ಟು ಬಂದವರನ್ನು ಯಾವ ಅಕ್ಕನೂ ತಡೆದಿರಲಾರಳು. ನಾವೆಲ್ಲ ಆರಿಸಿಕೊಂಡೇ ಓದುವುದು.)

ಹಾಗಂತ ನಿಮ್ಮ ಸಭೆಯವರನ್ನು ಹಳಿಯುತ್ತಿಲ್ಲ. ಚಿನ್ನ ಬೇಡ ಅನ್ನುವ ಪದ್ಧತಿಯ ಹಿಂದೆ ಒಂದು ಒಳ್ಳೆಯ ಬುದ್ಧಿ ಇದೆ. ಅರವತ್ತು ಜನರ ಸಣ್ಣ ಸಭೆಯಲ್ಲಿ ಕೂಲಿ ಮಾಡುವವಳೂ ಟೀಚರಮ್ಮನೂ ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಇಬ್ಬರ ಕೊರಳೂ ಖಾಲಿ ಇದ್ದರೆ ಬಡವಳಿಗೆ ಮುಜುಗರ ಇಲ್ಲ. ಮಗಳ ಮದುವೆಗೆ ಚಿನ್ನ ಮಾಡಿಸಲು ಹೊಲ ಮಾರಿದವರನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಆದರೆ ಒಡವೆಯೇ ಪಾಪ ಅನ್ನುವುದಕ್ಕೆ ಆಧಾರ ಹುಡುಕಿದರೆ ಸಿಗುವುದು ಕಷ್ಟ. ಬೈಬಲಿನಲ್ಲೇ, ಅಬ್ರಹಾಮನ ಸೊಸೆಯಾಗಲಿದ್ದ ರೆಬೆಕ್ಕಳಿಗೆ ಅವನ ಆಳು ಬಾವಿಯ ಹತ್ತಿರ ಕೊಟ್ಟದ್ದು ಚಿನ್ನದ ಮೂಗುತಿ ಮತ್ತು ಬಳೆ. ಪೇತ್ರನ ಮೊದಲ ಪತ್ರದ 3ನೇ ಅಧ್ಯಾಯ ತೋರಿಸುತ್ತಾರೆ, ಗೊತ್ತು. ಅಲ್ಲಿ ಜಡೆ, ಚಿನ್ನ, ಉಡುಪು ಮೂರನ್ನೂ ಒಂದೇ ಸಾಲಿನಲ್ಲಿ ಹೇಳಿದ್ದಾನೆ. ಅಕ್ಷರಕ್ಕೆ ಅಕ್ಷರ ಹಿಡಿದರೆ ಬಟ್ಟೆಯನ್ನೂ ಬಿಡಬೇಕಾಗುತ್ತದೆ. ಅವನು ಹೇಳುತ್ತಿರುವುದು ಅಲಂಕಾರ ಒಳಗಿನದಾಗಿರಲಿ ಅಂತ.

ಬೋರಮಾಳದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಹಾಕಿಕೊಳ್ಳಿ. ಒಂದು ದಿನ. ಅದು ನಿಮ್ಮ ಅಮ್ಮನಿಗೆ ಅವರ ಅವ್ವನ ಕೊರಳು. ನೀವು ಬೇಡ ಅಂದಾಗ ಅವರಿಗೆ ಕೇಳಿಸುವುದು ‘ಚಿನ್ನ ಬೇಡ’ ಅಂತಲ್ಲ, ‘ನಿಮ್ಮ ಚರ್ಚು, ನಿಮ್ಮ ಪ್ರಾರ್ಥನೆ, ನೀವು ನನ್ನನ್ನು ಬೆಳೆಸಿದ ರೀತಿ, ಯಾವುದೂ ಸರಿ ಇರಲಿಲ್ಲ’ ಅಂತ. ಅಷ್ಟು ದೊಡ್ಡ ಮಾತನ್ನು ನೀವು ಹೇಳಬೇಕೆಂದಿರಲಿಲ್ಲ ಅಲ್ವಾ? ಇಷ್ಟಾಗಿಯೂ ಮನಸ್ಸು ಒಪ್ಪದಿದ್ದರೆ ಹಾಕಬೇಡಿ. ಮನಸ್ಸಾಕ್ಷಿ ಒಪ್ಪದ್ದನ್ನು ಮಾಡಬಾರದು ಅಂತ ಪೌಲನೇ ರೋಮಾಪುರದವರಿಗೆ ಬರೆದಿದ್ದಾನೆ. ಆದರೆ ಅಮ್ಮನಿಗೆ ವಚನ ಓದಿ ಹೇಳಬೇಡಿ. ಅಡುಗೆಮನೆಯಲ್ಲಿ ಪಕ್ಕ ಕೂತು ರೊಟ್ಟಿ ತಟ್ಟುತ್ತಾ ಹೇಳಿ. ಸರವನ್ನು ನಿಮ್ಮ ಕೈಯಾರೆ ತಂಗಿಗೆ ಹಾಕಿ.

ಡಿಜೆ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ ಅಂತ ಕಾನೂನೇ ಇದೆ. ಅಷ್ಟು ಹೊತ್ತು ಊಟ ಬಡಿಸಿ, ಮುದುಕರಿಗೆ ಕುರ್ಚಿ ಹಾಕಿ. ಕುಣಿಯಲೇಬೇಕು ಅಂತ ಯಾರೂ ನಿಮ್ಮನ್ನು ಎಳೆಯುವುದಿಲ್ಲ. ತಂಗಿಯ ಮದುವೆಯಲ್ಲಿ ಅಕ್ಕ ಕಾಣದಿದ್ದರೆ ಯಾವ ಸಾಕ್ಷಿ ಉಳಿಯುತ್ತದೋ ನನಗಂತೂ ತಿಳಿಯದು.

ಈಗ ಬಿಲ್ಲಿಗೆ ಬರೋಣ. ಸರಕು ಕೊಡದೆ ಬಿಲ್ ಬರೆಯುವುದು ಜಿಎಸ್‌ಟಿ ಕಾಯ್ದೆಯ 132ನೇ ಕಲಮಿನಡಿ ಅಪರಾಧ. ತೆರಿಗೆಯ ಮೊತ್ತ 5 ಕೋಟಿ ದಾಟಿದರೆ 5 ವರ್ಷದವರೆಗೆ ಜೈಲು. ಲಾಭ ಧಣಿಯದು, ನಿಜ. ಆದರೆ ಎಂಟ್ರಿ ನಿಮ್ಮ ಲಾಗಿನ್ನಿನಲ್ಲಿದೆ. ಪಾಪದ ಮಾತು ಪಕ್ಕಕ್ಕಿಡಿ, ಅಧಿಕಾರಿಗಳು ಬಂದ ದಿನ ‘ಇದನ್ನು ಯಾರು ಹಾಕಿದ್ದು’ ಅಂತಲೇ ಮೊದಲು ಕೇಳುತ್ತಾರೆ.

ಧಣಿಯ ಹತ್ತಿರ ಮಾತಾಡುವ ಮುಂಚೆ ದಾನಿಯೇಲನ ಮೊದಲ ಅಧ್ಯಾಯ ನೋಡಿ. ಸೆರೆಯಾಗಿ ಹೋದ ಬಾಬೆಲಿನಲ್ಲಿ ಅವನು ಅಲ್ಲಿಯವರ ಭಾಷೆ ಕಲಿತ, ಅವರು ಇಟ್ಟ ಹೆಸರಿಗೆ ಓಗೊಟ್ಟ, ಅರಸನ ನೌಕರಿ ಮಾಡಿದ. ಲೋಕದಿಂದ ಓಡಿ ಹೋಗಲಿಲ್ಲ. ಒಂದು ವಿಷಯದಲ್ಲಿ ಮಾತ್ರ, ಅರಸನ ಊಟದ ವಿಷಯದಲ್ಲಿ, ಆಗಲ್ಲ ಅಂದ. ಅದನ್ನೂ ಕೂಗಾಡಿ ಹೇಳಲಿಲ್ಲ. ಹತ್ತು ದಿನ ಬರೀ ಕಾಯಿಪಲ್ಯ, ನೀರು ಕೊಟ್ಟು ನೋಡಿ ಅಂತ ಮೇಲ್ವಿಚಾರಕನನ್ನು ಕೇಳಿಕೊಂಡ. ಅವನಿಗೂ ತೊಂದರೆ ಆಗದ ಹಾಗೆ ಒಂದು ದಾರಿ ಇಟ್ಟ. ನೀವೂ ಹಾಗೇ ಹೇಳಿ: ‘ಅಣ್ಣಾ, ಅಂಗಡಿಯ ಎಲ್ಲಾ ಕೆಲಸ ಮಾಡ್ತೀನಿ. ಮಾಲು ಹೋಗದ ಬಿಲ್ ಮಾತ್ರ ನನ್ನ ಕೈಯಿಂದ ಬೇಡ. ನಿಮಗೂ ಅಪಾಯ, ನನಗೂ ಅಪಾಯ.’ ಅಷ್ಟೇ. ಧರ್ಮದ ಹೆಸರು ಎತ್ತಬೇಡಿ. ಎತ್ತಿದರೆ ಮಾತು ಬಿಲ್ ಬಿಟ್ಟು ಧರ್ಮದ ಮೇಲೆ ಹೋಗುತ್ತದೆ.

ಅದಕ್ಕೂ ಮೊದಲು ಒಬ್ಬ ವಕೀಲರನ್ನೋ, ಅಂಗಡಿಗೆ ಸಂಬಂಧವಿಲ್ಲದ ಲೆಕ್ಕ ಪರಿಶೋಧಕರನ್ನೋ ಕಂಡು, ಈವರೆಗೆ ಹಾಕಿದ ಎಂಟ್ರಿಗಳ ಬಗ್ಗೆ ಏನು ಮಾಡಬೇಕು ಅಂತ ಕೇಳಿ. ಹಳೆಯದನ್ನು ಗುಟ್ಟಾಗಿ ಅಳಿಸಲು ಹೋಗಬೇಡಿ. ಪಾಸ್‌ವರ್ಡ್ ಬದಲಿಸಿ. ಇವತ್ತಿನಿಂದಲೇ ಬೇರೆ ಕೆಲಸ ಹುಡುಕಲು ಶುರು ಮಾಡಿ. ಹುಬ್ಬಳ್ಳಿಯಲ್ಲಿ ಟ್ಯಾಲಿ ಬಲ್ಲವರನ್ನು ಕೇಳುವವರಿದ್ದಾರೆ. ಆ ಬಿಲ್ ಬಿಡಿ ಅನ್ನುತ್ತಿದ್ದೇನೆ, ಲೆಕ್ಕ ಬರೆಯುವುದನ್ನೇ ಬಿಡಿ ಅನ್ನುತ್ತಿಲ್ಲ. ದೀಕ್ಷಾಸ್ನಾನ ಮಾಡಿಸುತ್ತಿದ್ದ ಯೋಹಾನನ ಹತ್ತಿರ ಸುಂಕದವರು ಬಂದು ನಾವೇನು ಮಾಡಬೇಕು ಅಂತ ಕೇಳಿದಾಗ ಅವನು ಕೆಲಸ ಬಿಡಿ ಅನ್ನಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಅಂದ.

ಕೆಲಸ ಹೋಯಿತು ಅಂದುಕೊಳ್ಳಿ. ಆಗ ನಿಮ್ಮ ಪಾಸ್ಟರ ಬಾಗಿಲು ತಟ್ಟಿ. ಬೆಟಗೇರಿಯ ಮನೆತನದ ನಿಮಗೆ ಇದು ಹೊಸ ವಿಷಯವಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಪ್ರಚಾರಕರ ಸಂಸ್ಥೆ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಾಗ ಅವರೂ ಲೋಕದಿಂದ ಬೇರೆಯಾಗಿ ಅಂತಲೇ ಬೋಧಿಸಿದರು. ನಿಮ್ಮ ಸಭೆಗಿಂತ ಬಿಗಿ. ಕ್ರೈಸ್ತರಾದವರಿಗೆ ಶೇಂದಿ ಕಸುಬು ಸಲ್ಲದು ಅಂದರು. ಜಾತಿಯಿಂದ ಹೊರಬಿದ್ದವರಿಗೆ ಹಳೇ ಕಸುಬೂ ಹೋಯಿತು, ಮನೆಯೂ ಹೋಯಿತು. ಬರೀ ಪ್ರಾರ್ಥನೆ ಮಾಡಿ ಕಳಿಸಿದ್ದರೆ ಅವರು ಹಸಿದು ಸಾಯುತ್ತಿದ್ದರು. ಹಾಗಾಗಿ ಮಗ್ಗ ಹಾಕಿದರು, ಅಚ್ಚುಕೂಟ ನಡೆಸಿದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಕರಾವಳಿಯ ಎಷ್ಟೋ ಹಳೇ ಮನೆಗಳ ಮಾಡಿನ ಮೇಲೆ ಇವತ್ತಿಗೂ ಆ ಹೆಂಚು ಇದೆ. ಬಿಡು ಅಂದವರು ಹಿಡಿಯಲು ಏನಾದರೂ ಕೊಟ್ಟರು. ನಿಮ್ಮ ಸಭೆಯವರು ಕಾರ್ಖಾನೆ ಕಟ್ಟಬೇಕಿಲ್ಲ. ಎರಡು ತಿಂಗಳ ಮನೆ ಬಾಡಿಗೆ, ನಾಲ್ಕು ಕಡೆ ಕೆಲಸಕ್ಕೆ ಒಂದು ಮಾತು, ಅಷ್ಟು ಸಾಕು. ಕೇಳಲು ಸಂಕೋಚ ಬೇಡ. ಓಲೆ ಬಿಚ್ಚಿಸಿದವರ ಹತ್ತಿರ ಇದನ್ನು ಕೇಳುವ ಹಕ್ಕು ನಿಮಗಿದೆ.

ಧಣಿ ಏನಂದರು ಅಂತ ನನಗೆ ಬರೆಯಿರಿ. ಇನ್ನೊಂದು. ಬೋರಮಾಳ ಹಾಕಿಕೊಳ್ಳುವುದು ಅಂತಾದರೆ ಈ ವಾರವೇ ಪೋಣಿಸಲು ಕೊಡಿ. ಅಜ್ಜಿ ಕಾಲದ ದಾರ, ಲಡ್ಡಾಗಿರುತ್ತದೆ. ಮದುವೆ ಗದ್ದಲದಲ್ಲಿ ಕಿತ್ತು ಗುಂಡು ಉದುರಿದರೆ ಎಲ್ಲಾ ಬಿಟ್ಟು ಚಾಪೆ ಕೆಳಗೆ ಹುಡುಕಬೇಕಾಗುತ್ತದೆ.