ಲಾಲ್‌ಬಾಗ್ ಸುತ್ತಿ ಹಸಿವಾದಾಗ ಯಾವ ಗೇಟಿನಿಂದ ಹೊರಬರಬೇಕು?

ನೀವು ಕೇಳಿದ್ದು: ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಭಾನುವಾರ ಬೆಳಿಗ್ಗೆ ಲಾಲ್‌ಬಾಗ್ ತೋರಿಸಬೇಕು, ಅಮ್ಮನಿಗೆ ಮಂಡಿನೋವು. ಒಳಗೆ ತಿನ್ನೋಕೆ ಏನಾದರೂ ಸಿಗುತ್ತಾ, ಇಲ್ಲಾಂದ್ರೆ ಹತ್ತಿರದಲ್ಲಿ ಎಲ್ಲಿ?

ನಾನು ಲಾಲ್‌ಬಾಗ್ ಪಕ್ಕದ ಮಾವಳ್ಳಿಯವನು. ವಾರಕ್ಕೆ ನಾಲ್ಕು ದಿನವಾದರೂ ಅಲ್ಲಿ ವಾಕಿಂಗ್ ಮಾಡುತ್ತೇನೆ. ನಡೆದಷ್ಟನ್ನೂ ಹೊರಗೆ ಬಂದು ತಿನ್ನುತ್ತೇನೆ, ಅದಕ್ಕೇ ಹೊಟ್ಟೆ ಇನ್ನೂ ಹಾಗೇ ಇದೆ.

ಒಳಗೆ ಹೊಟ್ಟೆ ತುಂಬುವಂಥದ್ದನ್ನು ನೆಚ್ಚಿಕೊಳ್ಳಬೇಡಿ. ಹಾಪ್‌ಕಾಮ್ಸ್ ಮಳಿಗೆಯಲ್ಲಿ ಹಣ್ಣಿನ ರಸ ಸಿಗುತ್ತದೆ, ಅದನ್ನು ಬಿಡಬೇಡಿ. ದ್ರಾಕ್ಷಿ ಸಿಕ್ಕರೆ ದ್ರಾಕ್ಷಿಯನ್ನೇ ಕುಡಿಯಿರಿ. ಹಾಪ್‌ಕಾಮ್ಸ್ 1959ರಲ್ಲಿ ಹುಟ್ಟಿದ್ದೇ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ಅದರ ಹಿಂದೆ ಇದ್ದವರು ತೋಟಗಾರಿಕೆ ಇಲಾಖೆಯ ಡಾ. ಮರಿಗೌಡರು, ಲಾಲ್‌ಬಾಗ್ ಪಕ್ಕದ ರಸ್ತೆಗೆ ಅವರದ್ದೇ ಹೆಸರು. ಮನೆಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಚಿತ್ರಾನ್ನ ಕಟ್ಟಿಕೊಂಡು ಹೋಗುವ ಯೋಚನೆ ಇದ್ದರೆ ಬಿಟ್ಟುಬಿಡಿ. ಒಳಗೆ ಪ್ಲಾಸ್ಟಿಕ್ ಬಿಡುವುದಿಲ್ಲ.

ಇನ್ನು ಹೊರಗಿನ ವಿಷಯ. ಲಾಲ್‌ಬಾಗ್ ಅಂದರೆ 240 ಎಕರೆ. ಒಂದು ಗೇಟಿನಿಂದ ಇನ್ನೊಂದಕ್ಕೆ ನಡೆಯುವಷ್ಟರಲ್ಲಿ ನಿಮ್ಮ ಅಮ್ಮ ನಿಮ್ಮನ್ನು ಬೈಯುತ್ತಾರೆ. ಹಾಗಾಗಿ ಮೊದಲು ಎಲ್ಲಿ ತಿನ್ನಬೇಕು ಅಂತ ತೀರ್ಮಾನ ಮಾಡಿ, ಗೇಟು ಆಮೇಲೆ. ನಾನಾಗಿದ್ದರೆ ಮೆಟ್ರೋದಲ್ಲಿ ಲಾಲ್‌ಬಾಗ್ ಸ್ಟೇಷನ್‌ಗೆ ಬಂದು ಪಶ್ಚಿಮದ ಗೇಟಿನಿಂದ ಒಳಗೆ ಹೋಗುತ್ತಿದ್ದೆ. ಅಮ್ಮನನ್ನು ಬ್ಯಾಟರಿ ಗಾಡಿಯಲ್ಲಿ ಕೂರಿಸಿ, ಗಾಜಿನ ಮನೆ ತೋರಿಸಿ, ಮುಖ್ಯ ಗೇಟಿನಿಂದ ಹೊರಗೆ ಬರುತ್ತಿದ್ದೆ. ಒಳಗಿರುವ ದೊಡ್ಡ ಬಂಡೆ ಹತ್ತುವ ಆಸೆ ಅಪ್ಪನಿಗಿದ್ದರೆ ಅವರೊಬ್ಬರೇ ಹತ್ತಲಿ, ಅಮ್ಮ ಕೆಳಗೆ ನೆರಳಲ್ಲಿ ಕೂರಲಿ.

ಮುಖ್ಯ ಗೇಟು ಯಾಕೆ ಅಂದರೆ, ಅಲ್ಲಿಂದ ಎಂಟಿಆರ್ ಹತ್ತಿರ. ಎಂಟಿಆರ್ ಅಂದರೆ ಮಾವಳ್ಳಿ ಟಿಫಿನ್ ರೂಮ್ಸ್. ಪೊಟ್ಟಣದ ಪುಡಿ ನೋಡಿದವರಿಗೆಲ್ಲ ಈ ಹೋಟೆಲ್ ಇರುವುದು ಗೊತ್ತಿರುವುದಿಲ್ಲ. ಕೋಟದ ಹತ್ತಿರದ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರುಮಾಡಿದ್ದು. ಅಲ್ಲಿ ರವೆ ಇಡ್ಲಿ ತಿನ್ನಲೇಬೇಕು. ಎರಡನೇ ಮಹಾಯುದ್ಧದ ಹೊತ್ತಿಗೆ ಬರ್ಮಾ ಜಪಾನೀಯರ ಕೈಗೆ ಹೋಗಿ ಅಕ್ಕಿ ಸಿಗದಂತಾಯಿತು. ಆಗ ಅಕ್ಕಿಯ ಬದಲು ರವೆಯಲ್ಲಿ ಇಡ್ಲಿ ಮಾಡಿ ನೋಡಿದವರು ಇವರೇ ಅಂತ ಹೇಳುತ್ತಾರೆ. ಮೇಲೆ ಗೋಡಂಬಿ, ಪಕ್ಕದಲ್ಲಿ ಆಲೂಗಡ್ಡೆ ಸಾಗು, ಚಟ್ನಿ, ಜೊತೆಗೆ ತುಪ್ಪ. ತುಪ್ಪ ಬೇಡ ಅಂತ ಮಾತ್ರ ಹೇಳಬೇಡಿ, ಒಣ ರವೆ ಇಡ್ಲಿ ಗಂಟಲಲ್ಲಿ ನಿಲ್ಲುತ್ತದೆ. ಮಸಾಲೆ ದೋಸೆ ಕೂಡ ಚೆನ್ನಾಗಿದೆ. ಆದರೆ ಇಬ್ಬರ ನಡುವೆ ಒಂದು ಹಂಚಿಕೊಳ್ಳಿ, ಸಿಹಿಗೆ ಜಾಗ ಉಳಿಯಲಿ. ಭಾನುವಾರ ಚಂದ್ರಹಾರ ಮಾಡುತ್ತಾರೆ. ಪದರ ಪದರವಾಗಿ ಕರಿದು, ಮೇಲೆ ಖೋವಾ ರಸ ಹುಯ್ದದ್ದು. ನಿಮ್ಮ ಅಪ್ಪನಿಗೆ ಸಕ್ಕರೆ ಕಾಯಿಲೆ ಇಲ್ಲ ಅಂದುಕೊಂಡು ಹೇಳುತ್ತಿದ್ದೇನೆ.

ಕಷ್ಟ ಏನೆಂದರೆ ಭಾನುವಾರದ ಜನ. ಹೆಸರು ಬರೆಸಿ ಕಾಯಬೇಕು. ಎಂಟು ಗಂಟೆ ಆದಮೇಲೆ ಹೋದರೆ ಜಾಸ್ತಿ ಹೊತ್ತು ಕಾಯಬೇಕಾಗುತ್ತದೆ. ಬರೆಸುವಾಗಲೇ ಮಂಡಿನೋವಿನ ವಿಷಯ ಹೇಳಿ ಕೆಳಗಿನ ಹಾಲ್‌ನಲ್ಲೇ ಜಾಗ ಕೇಳಿ. ಸೋಮವಾರ ರಜೆ. ಇದನ್ನು ನಾನು ಕಲಿತದ್ದು ಮಾವ ಅತ್ತೆಯನ್ನು ಹಾಸನದಿಂದ ಕರೆಸಿ, ಒಂದು ವಾರ ರವೆ ಇಡ್ಲಿ ಹೊಗಳಿ, ಸೋಮವಾರ ಮುಚ್ಚಿದ ಬಾಗಿಲ ಮುಂದೆ ನಿಲ್ಲಿಸಿದಾಗ. ಮಾವಳ್ಳಿಯಲ್ಲಿ ಇಷ್ಟು ವರ್ಷ ಇದ್ದೀರಿ, ಇಷ್ಟೂ ಗೊತ್ತಿಲ್ವಾ ಅಂತ ಮಾವ ಇವತ್ತಿಗೂ ಕೇಳುತ್ತಾರೆ.

ಸುಮ್ನೆ ಕಾಯೋಕೆ ಆಗಲ್ಲ ಅಂದರೆ ಬಸವನಗುಡಿ ಕಡೆ ಹೋಗಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಶುಕ್ರವಾರ ಮುಚ್ಚಿರುತ್ತದೆ, ಭಾನುವಾರ ತೆಗೆದಿರುತ್ತದೆ. ದೋಸೆ ದಪ್ಪ, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಚಟ್ನಿ ನೀರಾಗಿರುತ್ತದೆ, ದೋಸೆ ಮೇಲೇ ಸುರಿಸಿಕೊಳ್ಳಿ. ಒಂದೇ ಕೈಯಲ್ಲಿ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವ ಮಾಣಿಗಳನ್ನು ನೋಡೋದೇ ನಿಮ್ಮ ಅಪ್ಪನಿಗೆ ಒಂದು ಖುಷಿ. ಆದರೆ ಜನ ಅಲ್ಲೂ ಕಡಿಮೆ ಏನಲ್ಲ.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಹೋಗಿ ಅಂತ ಬಹಳ ಜನ ಹೇಳುತ್ತಾರೆ. ಇಡ್ಲಿ, ವಡೆ, ಕೇಸರಿಬಾತ್, ಖಾರಾಬಾತ್, ಕಾಫಿ, ಹೆಚ್ಚುಕಡಿಮೆ ಅಷ್ಟೇ. ಸಾಂಬಾರ್ ಇಲ್ಲ, ಚಟ್ನಿ ಕೇಳಿದಷ್ಟು. ನನ್ನ ಪ್ರಕಾರ ಈ ಸುತ್ತಿನಲ್ಲಿ ಅಂಥ ಚಟ್ನಿ ಇನ್ನೆಲ್ಲೂ ಇಲ್ಲ. ಆದರೆ ನಿಮಗೆ ಉಪಯೋಗವಿಲ್ಲ. ಭಾನುವಾರ ರಜೆ, ಮೇಲಾಗಿ ನಿಂತುಕೊಂಡೇ ತಿನ್ನಬೇಕು. ಇನ್ನೊಂದು ದಿನ ಅಪ್ಪನನ್ನು ಮಾತ್ರ ಕರೆದುಕೊಂಡು ಹೋಗಿ.

ಗೇಟಿನ ಹೊರಗಿನ ಗಾಡಿಗಳ ಬಗ್ಗೆ ಒಂದು ಮಾತು. ಬೆಳಿಗ್ಗೆ ಹಾಗಲಕಾಯಿ, ಬೂದುಗುಂಬಳ, ಗರಿಕೆ ರಸ ಮಾರುತ್ತಾರೆ. ವಾಕಿಂಗ್ ಬಂದವರು ಮುಖ ಕಿವುಚಿಕೊಂಡು ಕುಡಿದು, ನೇರ ದೋಸೆಗೆ ಹೋಗುತ್ತಾರೆ. ನಾನೂ ಅದೇ ಜಾತಿ. ನಿಮ್ಮ ತಾಯಿಗೆ ಎಳನೀರು ಕೊಡಿಸಿ, ಸಾಕು. ಹೆಚ್ಚಿಟ್ಟ ಮಾವಿನಕಾಯಿ ಕಂಡರೆ ಖಾರದ ಪುಡಿ ಹಾಕುವ ಮುಂಚೆ ಕೈ ಅಡ್ಡ ಹಿಡಿಯಿರಿ.

ಜನವರಿ ಅಥವಾ ಆಗಸ್ಟ್‌ನಲ್ಲಿ ಬರುವುದಾದರೆ ಫಲಪುಷ್ಪ ಪ್ರದರ್ಶನ ಇದೆಯಾ ಅಂತ ನೋಡಿಕೊಳ್ಳಿ. ಆ ಭಾನುವಾರ ಮೇಲೆ ಹೇಳಿದ್ದು ಯಾವುದೂ ನಡೆಯಲ್ಲ, ಗೇಟಿನ ಹತ್ತಿರ ಬರೋದೇ ಕಷ್ಟ.

ಸಂಜೆವರೆಗೂ ಈ ಕಡೆಯೇ ಇದ್ದರೆ ವಿ.ವಿ. ಪುರಂ ತಿಂಡಿ ಬೀದಿಗೆ ಬನ್ನಿ, ಸಜ್ಜನ್‌ರಾವ್ ಸರ್ಕಲ್ ಹತ್ತಿರ. ಬೆಳಿಗ್ಗೆ ಹೋದರೆ ಅಲ್ಲಿ ಏನೂ ಇರಲ್ಲ, ಗಾಡಿಗಳು ಬರೋದೇ ಸಂಜೆ. ಹೋಳಿಗೆ, ಅಕ್ಕಿರೊಟ್ಟಿ, ಪಡ್ಡು, ಚಳಿಗಾಲದಲ್ಲಿ ಅವರೆಬೇಳೆ ದೋಸೆ. ಕೂರೋಕೆ ಜಾಗ ಕಮ್ಮಿ, ಅಮ್ಮನಿಗೆ ಆಟೋದಲ್ಲೇ ತಂದುಕೊಡಿ. ವಾಪಸ್ ಹೋಗುವಾಗ ಅಲ್ಲೇ ಇರುವ ವಿ.ಬಿ. ಬೇಕರಿಯಲ್ಲಿ ಖಾರಾಬನ್ ಮತ್ತು ಕಾಂಗ್ರೆಸ್ ಕಡ್ಲೆಕಾಯಿ (ಹುರಿದು ಖಾರ ಮಸಾಲೆ ಬೆರೆಸಿದ ಕಡ್ಲೆಬೀಜ) ಕಟ್ಟಿಸಿಕೊಳ್ಳಿ. ಕಡ್ಲೆಕಾಯಿ ಊರಿಗೆ ಹೋಗುವವರೆಗೂ ಕೆಡಲ್ಲ. ಬನ್ ಮಾತ್ರ ಅವತ್ತೇ ತಿನ್ನಿ.